ನವಲಗುಂದ–ರೋಣದ ಬಯಲು: ಸುತ್ತ ಗುಡ್ಡ, ನಡುವೆ ಬೆಣ್ಣಿಹಳ್ಳ. ಪ್ರವಾಹ ಬರುವುದು ಎಲ್ಲಿಂದ?

ಚಿಗರಿ_ಪಾಸ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಫೋನಿನ ನಕಾಶೆಯಲ್ಲಿ ಎತ್ತರ-ತಗ್ಗು ತೋರಿಸುವ ಆಯ್ಕೆ ಇರುತ್ತಲ್ಲ, ಅದನ್ನು ಹಾಕಿಕೊಂಡು ನಮ್ಮ ಸೀಮೆ ನೋಡುತ್ತಾ ಕುಳಿತಿದ್ದೆ. ನವಲಗುಂದ, ರೋಣದ ಬಯಲು ಸಪಾಟು ಅಂತ ಗೊತ್ತಿತ್ತು. ಅದರ ಸುತ್ತ ಹೆಚ್ಚುಕಡಿಮೆ ಎಲ್ಲಾ ಕಡೆ ಏರು ಇದೆ ಅನ್ನುವುದು ಈಗ ಕಂಡಿತು. ಪಶ್ಚಿಮಕ್ಕೆ ಧಾರವಾಡ. ಉತ್ತರಕ್ಕೆ ಸವದತ್ತಿ, ನರಗುಂದದ ಗುಡ್ಡ. ಪೂರ್ವಕ್ಕೆ ಗಜೇಂದ್ರಗಡ, ಬಾದಾಮಿ ಸಾಲು. ದಕ್ಷಿಣಕ್ಕೆ ಗದಗ ಕಡೆಯ ದಿಬ್ಬ, ಅದರಾಚೆ ಕಪ್ಪತಗುಡ್ಡ.

ಇದೆಲ್ಲಾ ಒಂದೇ ನದಿಯ ಜಲಾನಯನವೇ? ಮತ್ತೆ, ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಊರುಗಳು ಮುಳುಗುವುದು ಹೇಗೆ? ನಮ್ಮ ಆಫೀಸಿನಲ್ಲಿ "ಡ್ಯಾಮಿನಿಂದ ನೀರು ಬಿಡ್ತಾರೆ, ಅದಕ್ಕೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಷ್ಟು ಸರಳ ಅನಿಸಲಿಲ್ಲ. ಆ ಕಡೆಯವರು ಯಾರಾದರೂ ಇದ್ದರೆ ಹೇಳಿ.

ಭೂಗೋಳ_ಮಾಸ್ತರ (ಗದಗ)

ಒಳ್ಳೆ ಪ್ರಶ್ನೆ ತಮ್ಮಾ. ಸುತ್ತ ಗುಡ್ಡ ಇರುವುದು ನಿಜ. ಆದರೆ ಎಲ್ಲವೂ ಒಂದೇ ಕುಲದ ಗುಡ್ಡಗಳಲ್ಲ. ಧಾರವಾಡದ ಏರು, ಗದಗ ಸುತ್ತಲಿನ ಸಾಲು ಬಹಳ ಹಳೆಯ ಕಲ್ಲು, ಸುಮಾರು 250 ಕೋಟಿ ವರ್ಷಕ್ಕೂ ಹಿಂದಿನದು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಕಲ್ಲಿನ ಪಟ್ಟಿಗಳಿಗೆ 'ಧಾರವಾಡ' ಅಂತಲೇ ಹೆಸರಿಟ್ಟ. ಇವತ್ತಿಗೂ ಭೂವಿಜ್ಞಾನ ಓದುವವರು ಎಲ್ಲೇ ಇದ್ದರೂ ನಮ್ಮೂರಿನ ಹೆಸರು ಹೇಳದೆ ಪಾಸಾಗುವುದಿಲ್ಲ. ಸವದತ್ತಿ, ಬಾದಾಮಿ, ಗಜೇಂದ್ರಗಡದ್ದು ಬೇರೆ. ಅದು ಮರಳುಗಲ್ಲು, ತುಂಬಾ ಈಚಿನದು. ತಲೆ ಸಪಾಟು, ಮಗ್ಗುಲು ಕಡಿದಾದ ಗೋಡೆ. ಬಸ್ಸಿನಲ್ಲಿ ಕುಳಿತೇ ವ್ಯತ್ಯಾಸ ಗುರುತಿಸಬಹುದು.

ಇನ್ನು ನದಿ. ದೊಡ್ಡ ಲೆಕ್ಕದಲ್ಲಿ ಇದು ಮಲಪ್ರಭೆಯ ಜಲಾನಯನ, ಒಟ್ಟು ಸುಮಾರು 11,500 ಚದರ ಕಿ.ಮೀ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟುತ್ತದೆ. ಕೂಡಲಸಂಗಮದಲ್ಲಿ 488 ಮೀಟರ್ ಎತ್ತರದಲ್ಲಿ ಕೃಷ್ಣೆ ಸೇರುತ್ತದೆ. ಉದ್ದ 304 ಕಿ.ಮೀ. ಲೆಕ್ಕ ಹಾಕಿ ನೋಡಿ: ಸರಾಸರಿ ಒಂದು ಕಿ.ಮೀ.ಗೆ ಒಂದೇ ಮೀಟರ್ ಇಳಿಜಾರು. ಬಯಲಿಗೆ ಬಂದಮೇಲೆ ಅದೂ ಇಲ್ಲ.

ಸವದತ್ತಿ ಹತ್ತಿರ ನದಿ ಮರಳುಗಲ್ಲಿನ ಸಾಲನ್ನು ಸೀಳಿಕೊಂಡು ಈಚೆ ಬರುತ್ತದೆ. ಆ ಸೀಳೇ ನವಿಲುತೀರ್ಥ. 1970ರ ದಶಕದ ಆರಂಭದಲ್ಲಿ ಅಲ್ಲೇ ಅಣೆಕಟ್ಟು ಕಟ್ಟಿದರು. ಹಿಂದೆ ನಿಂತ ನೀರು ರೇಣುಕಾಸಾಗರ, 37.73 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಎರಡು ಗುಡ್ಡದ ನಡುವೆ ಅಷ್ಟು ಕಿರಿದಾದ ಜಾಗ ಸಿಕ್ಕರೆ ಯಾವ ಎಂಜಿನಿಯರ್ ತಾನೇ ಬಿಡುತ್ತಾನೆ?

ಈಗ ನಿಮ್ಮ ಆಫೀಸಿನವರಿಗೆ ಹೇಳಬೇಕಾದ ಮಾತು. ಬೆಣ್ಣಿಹಳ್ಳ ಹುಟ್ಟುವುದು ಶಿಗ್ಗಾವಿ ತಾಲ್ಲೂಕಿನ ದುಂಡಸಿ ಕಡೆ. ಅಲ್ಲಿಂದ ಹುಬ್ಬಳ್ಳಿ, ನವಲಗುಂದ ತಾಲ್ಲೂಕು ದಾಟಿ ರೋಣ ತಾಲ್ಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಧಾರವಾಡ ಕಡೆಯಿಂದ ಬರುವ ತುಪ್ಪರಿಹಳ್ಳವೂ ಇದಕ್ಕೇ ಬಂದು ಕೂಡುತ್ತದೆ. ಇವೆಲ್ಲಾ ಮಲಪ್ರಭೆಗೆ ಸೇರುವುದು ಡ್ಯಾಮಿನ ಕೆಳಗೆ. ಅಂದರೆ ಬೆಣ್ಣಿಹಳ್ಳದ ಒಂದು ಹನಿಯನ್ನೂ ಆ ಡ್ಯಾಮು ಹಿಡಿಯಲಾರದು. ನೀವು ಕೇಳಿದ ಬಯಲು ಮುಖ್ಯವಾಗಿ ಬೆಣ್ಣಿಹಳ್ಳದ ಬಯಲು.

ಎರಿಹೊಲ (ನವಲಗುಂದ ತಾಲ್ಲೂಕು)

ಮಾಸ್ತರು ಹೇಳಿದ್ದಕ್ಕೆ ನಮ್ಮ ಹೊಲದ ಮಾತು ಸೇರಿಸುತ್ತೇನೆ. 600 ಮಿ.ಮೀ. ಅನ್ನುವುದು ವರ್ಷದ ಲೆಕ್ಕ. ಹಳ್ಳಕ್ಕೆ ವರ್ಷದ ಲೆಕ್ಕ ಗೊತ್ತಿಲ್ಲ, ಒಂದು ರಾತ್ರಿಯದ್ದು ಗೊತ್ತು.

ನಮ್ಮದು ಅಪ್ಪಟ ಎರಿ ಭೂಮಿ, ಅಂದರೆ ಕರಿ ಮಣ್ಣು. ಬ್ಯಾಸಿಗೆಯಲ್ಲಿ ಬಂದು ನೋಡಿ. ಬಿರುಕು ಬಿಟ್ಟ ಹೊಲದಲ್ಲಿ ಕೈ ಹಾಕಿದರೆ ಮೊಣಕೈತನಕ ಹೋಗುತ್ತದೆ. ಮೊದಲ ಮಳೆ ಆ ಬಿರುಕಿನಲ್ಲೇ ಇಳಿದು ಕಾಣೆಯಾಗುತ್ತದೆ. ಹಳ್ಳಕ್ಕೆ ಒಂದು ತಂಬಿಗೆ ನೀರೂ ಬರುವುದಿಲ್ಲ. ಮುಂದೆ ಮಣ್ಣು ನೀರು ಕುಡಿದು ಉಬ್ಬುತ್ತದೆ. ಬಿರುಕು ಮುಚ್ಚುತ್ತವೆ. ಆಮೇಲೆ ಬಿದ್ದ ಮಳೆಗೆ ಕೆಳಗೆ ದಾರಿಯೇ ಇಲ್ಲ. ಹೊಲದ ಮೇಲೇ ನಿಲ್ಲುತ್ತದೆ, ಬದು ಒಡೆದುಕೊಂಡು ಹಳ್ಳಕ್ಕೆ ಓಡುತ್ತದೆ. ಆಗ ಹೊಲಕ್ಕೆ ಇಳಿದರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಪಾದ ಎತ್ತಲಿಕ್ಕೆ ಬರುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಟ್ರ್ಯಾಕ್ಟರ್ ಹೂತರೆ ಬಿಸಿಲು ಬೀಳುವ ತನಕ ಅಲ್ಲೇ.

ಅದಕ್ಕೇ ಬೆಣ್ಣಿಹಳ್ಳ ಜೂನಿನಲ್ಲಿ ಬರುವುದಕ್ಕಿಂತ ಜಾಸ್ತಿ ಉತ್ತರಿ, ಹಸ್ತಾ ಮಳೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಭೂಮಿ ಹೊಟ್ಟೆ ತುಂಬ ಕುಡಿದಿರುತ್ತದೆ. ನಮ್ಮ ಬಯಲಿಗೆ ಮಳೆ ಜೋರು ಹಿಡಿಯುವುದೂ ಸೆಪ್ಟೆಂಬರಿನಲ್ಲೇ. ಹೆಸರು ಕಿತ್ತು ರಾಶಿ ಮಾಡಿದ್ದೇವೆ, ಹಿಂಗಾರಿಗೆ ಕಡಲಿ, ಬಿಳಿಜೋಳ ಬಿತ್ತಬೇಕು ಅನ್ನುವ ಹೊತ್ತು. ಉಳ್ಳಾಗಡ್ಡಿ ಹೊಲದಲ್ಲೇ ಇರುತ್ತದೆ. ಸರಿಯಾಗಿ ಆವಾಗ ಬರುತ್ತದೆ ನೋಡಿ!

ಇನ್ನೊಂದು ಮಾತು. ಹಳ್ಳ ಬರುವ ದಿನ ನಮ್ಮೂರಲ್ಲಿ ಮಳೆ ಆಗಿರಲೇಬೇಕು ಅಂತಿಲ್ಲ. ಮೇಲೆ ಹುಬ್ಬಳ್ಳಿ, ಶಿಗ್ಗಾವಿ ಕಡೆ ಸುರಿದರೆ ಸಾಕು. ಇಲ್ಲಿ ಚುಕ್ಕಿ ಕಾಣುವಷ್ಟು ಸ್ವಚ್ಛ ಆಕಾಶ, ಬೆಳಿಗ್ಗೆ ನೋಡಿದರೆ ದನ ಕಟ್ಟಿದ ಜಾಗಕ್ಕೆ ನೀರು.

ಕೆಂಪುಮಣ್ಣು (ಧಾರವಾಡ)

ನಕಾಶೆ ನೋಡುವಾಗ ಒಂದು ವಿಷಯ ಗಮನಿಸಿ. ಧಾರವಾಡದ ಏರು ಈ ಬಯಲಿನ ಅಂಚು ಹೌದು. ಆದರೆ ಧಾರವಾಡದಲ್ಲಿ ಬಿದ್ದ ಮಳೆ ಎಲ್ಲಾ ನಿಮ್ಮ ಕಡೆ ಬರುವುದಿಲ್ಲ. ಊರು ಕುಳಿತಿರುವುದೇ ನೀರು ಎರಡು ಪಾಲಾಗುವ ದಿಬ್ಬದ ಮೇಲೆ. ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ ನಮ್ಮ ದಕ್ಷಿಣ-ಪಶ್ಚಿಮಕ್ಕೆ ಹೊರಟು ಕಲಘಟಗಿ ಕಡೆ ಬೇಡ್ತಿಯಾಗುತ್ತದೆ. ಯಲ್ಲಾಪುರ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಬಿದ್ದಿದ್ದು ಇದೇ ಹೊಳೆಗೆ. ಅದೇ ಧಾರವಾಡದ ಪೂರ್ವಕ್ಕೆ ಬಿದ್ದ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಮಳೆಯ ಪ್ರಮಾಣವೂ ಹಾಗೇ ಇಳಿಯುತ್ತದೆ. ಕಣಕುಂಬಿಯಲ್ಲಿ 3,000 ಮಿ.ಮೀ. ದಾಟುತ್ತದೆ. ಧಾರವಾಡಕ್ಕೆ ಬರುವಾಗ 800ರ ಆಸುಪಾಸು. ನವಲಗುಂದ ಮುಟ್ಟುವಾಗ 600. ನಮ್ಮಲ್ಲಿ ಕೆಂಪು ಮಣ್ಣು, ಮಾವಿನ ತೋಪು, ಆಷಾಢದ ಜಿಟಿಜಿಟಿ. ಅರ್ಧ ತಾಸು ಬಸ್ಸಿನಲ್ಲಿ ಪೂರ್ವಕ್ಕೆ ಹೋದರೆ ಕರಿ ಮಣ್ಣು, ಗಿಡ ಹುಡುಕಬೇಕು. ಇಷ್ಟು ಹತ್ತಿರದಲ್ಲಿ ಸೀಮೆ ಇಷ್ಟು ಬದಲಾಗುವುದು ಕಡಿಮೆ.

ಚಿಗರಿ_ಪಾಸ್

ಕಪ್ಪತಗುಡ್ಡದ ನೀರು? ಅದೂ ಬೆಣ್ಣಿಹಳ್ಳಕ್ಕೇ ಬರುತ್ತಾ?

ಭೂಗೋಳ_ಮಾಸ್ತರ

ಇಲ್ಲಪ್ಪ. ಕಪ್ಪತಗುಡ್ಡ ಈ ಬಯಲಿಗೆ ಹಿನ್ನೆಲೆಯಲ್ಲಿ ಕಾಣುತ್ತದೆ, ಅಷ್ಟೇ. ಅದರ ನೀರು ಮುಂಡರಗಿ, ಶಿರಹಟ್ಟಿ ಕಡೆ ಇಳಿದು ತುಂಗಭದ್ರೆ ಸೇರುತ್ತದೆ. ಗದಗದ ಉತ್ತರಕ್ಕೆ ಇಳಿದ ನೀರು ಮಲಪ್ರಭೆಯ ಪಾಲು. ನಮ್ಮ ಜಿಲ್ಲೆ ಎರಡು ನದಿಗೆ ಹಂಚಿಹೋಗಿದೆ.

ಅಂದಮಾತ್ರಕ್ಕೆ ಕಪ್ಪತಗುಡ್ಡ ಬೇಡ ಅಂತಲ್ಲ. ಔಷಧಿ ಸಸ್ಯ, ಕತ್ತೆಕಿರುಬ, ತೋಳ ಇರುವ ಗುಡ್ಡ. ಒಳಗೆ ಚಿನ್ನ, ಕಬ್ಬಿಣ ಇದೆ ಅಂತ ಗಣಿಯವರ ಕಣ್ಣು ಯಾವತ್ತೂ ಅದರ ಮೇಲೆ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದರು, ಮರುವರ್ಷ ವಾಪಸ್ ತೆಗೆದುಕೊಂಡರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಜನ ಬೀದಿಗೆ ಇಳಿದಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮ ಆಯಿತು. ಅದು ಬೇರೆ ಎಳೆಗೆ ಆಗುವಷ್ಟು ದೊಡ್ಡ ಕತೆ, ಇಲ್ಲಿ ಬೇಡ.

ನಕಾಶೆಯಲ್ಲಿ ನಿಮಗೆ ಕಂಡ ಆಕಾರವನ್ನು ಹೀಗೆ ತಿಳಿಯಿರಿ: ಅಂಚು ಇರುವ ಊಟದ ತಾಟನ್ನು ಈಶಾನ್ಯಕ್ಕೆ ಸ್ವಲ್ಪ ವಾಲಿಸಿ ಇಟ್ಟಂತೆ. ನೀರು ಸುತ್ತಲಿಂದ ಬಂದು ಮೆಣಸಗಿ ಮೂಲೆಯಲ್ಲಿ ಗುಂಪಾಗುತ್ತದೆ. ಮುಂದೆ ಮಲಪ್ರಭೆ ಬಾದಾಮಿ ಸೀಮೆಯ ಮರಳುಗಲ್ಲಿನ ಗುಡ್ಡಗಳ ನಡುವೆ, ಪಟ್ಟದಕಲ್ಲು, ಐಹೊಳೆ ಮಗ್ಗುಲಲ್ಲಿ ಹಾದು ಹೋಗಬೇಕು. ಹೊರಗೆ ಹೋಗುವ ಬಾಗಿಲು ಅದೊಂದೇ.

ಬಿಸಿಲುಕುದುರೆ (ಹುಬ್ಬಳ್ಳಿ)

ಇಷ್ಟೆಲ್ಲಾ ಭೂಗೋಳ ಹೇಳಿ ಡ್ಯಾಮಿನವರನ್ನು ಬಚಾವ್ ಮಾಡುತ್ತಿದ್ದೀರಿ ಅನಿಸುತ್ತಿದೆ. 2019ರಲ್ಲಿ ಮಲಪ್ರಭೆ ದಂಡೆಯ ಕೊಣ್ಣೂರು ಮುಳುಗಿದ್ದು ಯಾವ ನೀರಿನಿಂದ? ಗೇಟು ತೆಗೆದದ್ದಕ್ಕೆ ಅಲ್ವಾ? ಮಣ್ಣಿನ ಮೇಲೆ ಹಾಕಿ ಜಾರಿಕೊಳ್ಳುವುದು ಸುಲಭ.

ಹೊಳೆದಂಡಿ (ಹೊಳೆಆಲೂರು)

ಬಿಸಿಲುಕುದುರೆ ಅಣ್ಣಾರೆ, ನಾವು ಹೊಳೆ ದಂಡೆಯವರು. ನಮಗೆ ಎರಡೂ ನೀರಿನ ಪರಿಚಯ ಇದೆ. 2019 ಮತ್ತು 2009 ಒಂದೇ ಅಲ್ಲ.

2019ರ ಆಗಸ್ಟಿನದು ಘಟ್ಟದ ನೀರು. ಆಶ್ಲೇಷಾ ಮಳೆ. ಖಾನಾಪುರ ಕಡೆ ಎಡೆಬಿಡದೆ ಸುರಿಯಿತು, ರೇಣುಕಾಸಾಗರ ತುಂಬಿತು, ಗೇಟು ತೆಗೆದರು. ಕೊಣ್ಣೂರು, ಲಖಮಾಪುರ, ನಮ್ಮ ಊರ ಕಡೆಯೆಲ್ಲಾ ನೀರು. ಇಲ್ಲಿ ನೀವು ಹೇಳುವುದು ಸರಿ. ಎಷ್ಟು ಹೊತ್ತಿಗೆ ಎಷ್ಟು ಬಿಡುತ್ತಾರೆ ಅಂತ ಕೆಳಗಿನ ಊರಿಗೆ ಮೊದಲೇ ಸರಿಯಾಗಿ ತಿಳಿಸಬೇಕಿತ್ತು. ಆವಾಗ ನಮಗೆ ಫೋನಿನಲ್ಲಿ ಬಂದ ಸುದ್ದಿಗಿಂತ ನೀರು ಮುಂಚೆ ಬಂದಿತ್ತು.

2009ರದ್ದು ಹಾಗಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಬಂಗಾಳ ಕೊಲ್ಲಿ ಕಡೆಯಿಂದ ಬಂದ ವಾಯುಭಾರ ಕುಸಿತ. ಮಳೆ ಬಿದ್ದಿದ್ದು ಘಟ್ಟದಲ್ಲಿ ಮಾತ್ರ ಅಲ್ಲ, ನೇರ ಈ ಬಯಲಿನ ಮೇಲೆ. ಉತ್ತರ ಕರ್ನಾಟಕ ಪೂರ್ತಿ ತೊಯ್ದು ಮಣ್ಣಿನ ಮನೆಗಳು ಕುಸಿದವು. ಆವತ್ತು ಡ್ಯಾಮಿನ ಗೇಟು ಭದ್ರ ಮುಚ್ಚಿದ್ದರೂ ಬೆಣ್ಣಿಹಳ್ಳ ತನ್ನ ಪಾಡಿಗೆ ಬರುತ್ತಿತ್ತು.

ಎರಡೂ ಒಟ್ಟಿಗೆ ಬಂದರೆ ಏನು ಗತಿ? ಮೆಣಸಗಿಯಲ್ಲಿ ಮಲಪ್ರಭೆ ದಂಡೆ ತುಂಬ ಹರಿಯುತ್ತಿದ್ದರೆ ಬೆಣ್ಣಿಹಳ್ಳಕ್ಕೆ ಒಳಗೆ ಸೇರಲು ಜಾಗ ಇಲ್ಲ. ಇಳಿಜಾರು ಹೇಗೂ ಇಲ್ಲ. ನೀರು ಹಿಂದಕ್ಕೆ ಒತ್ತುತ್ತದೆ, ಹೊಲಗಳಿಗೆ ಹಾಸಿಕೊಳ್ಳುತ್ತದೆ. ಇದು ಯಾರದೂ ಕುತಂತ್ರವಲ್ಲ. ಆದರೆ ಗೇಟಿನ ಮುಂದೆ ಕುಳಿತವರು ಬೆಣ್ಣಿಹಳ್ಳದಲ್ಲಿ ಈಗ ಎಷ್ಟು ಬರುತ್ತಿದೆ ಅಂತ ನೋಡಿಕೊಂಡು ಬಿಡಬೇಕು. ನಾವು ಕೇಳುವುದು ಇಷ್ಟೇ.

ಬಿಸಿಲುಕುದುರೆ

ಸರಿ, ಕೊನೆಯ ಮಾತು ಒಪ್ಪುತ್ತೇನೆ. ಆದರೆ ಆ ಮಾತು ಕೇಳುವವರು ಯಾರು?

ಲಕ್ಷ್ಮೇಶ್ವರದ_ಹಕ್ಕಿ

ನೀರು, ಜಗಳ ಎರಡರ ನಡುವೆ ಒಂದು ಸಣ್ಣ ವಿರಾಮ. ಈ ಬಯಲನ್ನು 'ಗಿಡ ಇಲ್ಲದ ಬರಡು' ಅಂತ ಬರೆದವರನ್ನು ಬಹಳ ನೋಡಿದ್ದೇನೆ. ಬರಡಲ್ಲ ರೀ. ರೋಣದ ಕಡೆ ಹೊಲದಲ್ಲಿ ನಿಜವಾದ ಚಿಗರಿ (ಕೃಷ್ಣಮೃಗ) ಕಾಣುತ್ತವೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಆ ಹೆಸರಿನ ಎಸಿ ಬಸ್ಸು ಮಾತ್ರ ಅಲ್ಲ. (ರೈತರಿಗೆ ಅವು ಬೆಳೆ ತಿನ್ನುವ ಕಾಟ, ಅದೂ ಗೊತ್ತು.) ಬಯಲು ಹುಲ್ಲುಗಾವಲಾಗಿ ಇದ್ದಾಗಿನ ಪ್ರಾಣಿ ಅದು. ಗಿಡ ನೆಟ್ಟು ಕಾಡು ಮಾಡುತ್ತೇವೆ ಅಂತ ಹೊರಟರೆ ಅದಕ್ಕೆ ನೆಲೆ ತಪ್ಪುತ್ತದೆ.

ನಮ್ಮ ಮಾಗಡಿ ಕೆರೆ ಈ ಅಂಚಿನ ಆಚೆಗಿದೆ, ತುಂಗಭದ್ರೆ ಕಡೆಗೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರುವಾಸಿ. ಹಗಲು ಕೆರೆಯಲ್ಲಿ, ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಐವತ್ತು ಹೆಕ್ಟೇರ್ ಚಿಲ್ಲರೆ ಇರುವ ಸಣ್ಣ ಕೆರೆ. ಡಿಸೆಂಬರ್, ಜನವರಿಯಲ್ಲಿ ಬನ್ನಿ. ಡ್ರೋನ್ ತರಬೇಡಿ.

ಕೆಂಪುಮಣ್ಣು

ನನಗೆ ಅರ್ಥವಾಗದ್ದು ಇನ್ನೊಂದು. ಇಷ್ಟು ನೀರು ಬಂದು ಹೋಗುವ ಊರುಗಳಲ್ಲಿ ಬ್ಯಾಸಿಗೆಗೆ ಕುಡಿಯುವ ನೀರಿಗೆ ಯಾಕೆ ಅಷ್ಟು ಕಷ್ಟ? ಬೋರ್ ಹೊಡೆಸಿದರೆ ಆಗುವುದಿಲ್ಲವೇ?

ಎರಿಹೊಲ

ಬೋರ್ ಹೊಡೆಸಿ ನೋಡಿದ್ದೇವೆ ರೀ. ನೀರು ಬರುತ್ತದೆ, ಬಾಯಿಗೆ ಹಾಕಿಕೊಳ್ಳಲು ಬರುವುದಿಲ್ಲ. ಸವಳು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಬೆಣ್ಣಿಹಳ್ಳದಲ್ಲಿ ಬ್ಯಾಸಿಗೆಗೆ ನಿಲ್ಲುವ ನೀರೂ ಹಾಗೇ. ಎರಿ ಮಣ್ಣಿನಲ್ಲಿ ಉಪ್ಪು, ಸುಣ್ಣ ಜಾಸ್ತಿ. ನೀರು ಕೆಳಗೆ ಬಸಿದು ಹೋಗುವುದಿಲ್ಲವಾದ್ದರಿಂದ ಉಪ್ಪು ಅಲ್ಲೇ ಉಳಿಯುತ್ತದೆ. ಬಿಸಿಲಿಗೆ ನೀರು ಆರಿದಂತೆ ಉಪ್ಪು ಮೇಲೆ ಬರುತ್ತದೆ.

ಅದಕ್ಕೇ ನಮ್ಮ ಹಿರಿಯರು ಬಾವಿ ನಂಬಲಿಲ್ಲ, ಕೆರೆ ಕಟ್ಟಿದರು. ಮಳೆ ನೀರು ನಿಲ್ಲಿಸಿ ವರ್ಷಪೂರ್ತಿ ಕುಡಿಯುವ ಕೆರೆ. ಎರಿ ಮಣ್ಣು ಇಲ್ಲಿ ಉಪಕಾರಕ್ಕೆ ಬರುತ್ತದೆ, ನೀರು ಇಂಗಿ ಹೋಗುವುದಿಲ್ಲ. ನಮ್ಮೂರ ಕೆರೆಗೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿಲ್ಲ. ದನ ಬಿಡುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಹೆಣ್ಣುಮಕ್ಕಳು ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿ ಸೋಸಿ ತುಂಬುತ್ತಿದ್ದರು. ಈಗ ಆ ಕೆರೆಗಳನ್ನು ಮಲಪ್ರಭಾ ಕಾಲುವೆಯಿಂದ ತುಂಬಿಸುತ್ತಾರೆ. ಕಾಲುವೆ ತಡವಾದರೆ ಟ್ಯಾಂಕರ್ ದಾರಿ ಕಾಯಬೇಕು.

ಕಾಲುವೆಯದ್ದೂ ಸುಖದ ಕತೆಯಲ್ಲ. ಹೊಲಕ್ಕೆ ನೀರು ಸರಿಯಾಗಿ ಮುಟ್ಟುವ ಮುಂಚೆಯೇ ಕರ ಬಂತು ಅಂತ 1980ರಲ್ಲಿ ನವಲಗುಂದ, ನರಗುಂದದ ರೈತರು ಎದ್ದರು. ಜುಲೈ 21ರಂದು ಗೋಲಿಬಾರ್ ಆಯಿತು. ಇವತ್ತಿಗೂ ಆ ದಿನ ಹುತಾತ್ಮರ ದಿನ ಮಾಡುತ್ತೇವೆ. ಇನ್ನು ನೀರು ಜಾಸ್ತಿ ಬಿಟ್ಟುಕೊಂಡ ಹೊಲಗಳು ಸವಳು-ಜವಳು ಹಿಡಿದವು. ಒಂದು ಕಡೆ ಬೆಳ್ಳಗೆ ಉಪ್ಪು, ಒಂದು ಕಡೆ ಜೌಗು. ಈ ಮಣ್ಣಿಗೆ ನೀರು ಕೊಡುವುದೂ ಕಷ್ಟ, ಕೊಡದೆ ಇರುವುದೂ ಕಷ್ಟ.

ಚಿಗರಿ_ಪಾಸ್

ನಾವು ಹುಬ್ಬಳ್ಳಿಯಲ್ಲಿ ಕುಡಿಯುವುದೂ ಅದೇ ಮಲಪ್ರಭೆ ನೀರನ್ನು. ನವಿಲುತೀರ್ಥದಿಂದ ಅಮ್ಮಿನಬಾವಿಗೆ ತಂದು ಶುದ್ಧ ಮಾಡಿ ಬಿಡುತ್ತಾರೆ. ಹಳೆಯ ನೀರಸಾಗರ ಕೆರೆ ಬೇಡ್ತಿ ಕಡೆಯದು. ಅಂದರೆ ಬೆಣ್ಣಿಹಳ್ಳಕ್ಕೆ ನಮ್ಮ ಊರಿನ ಮಳೆ ನೀರು ಇಳಿಯುತ್ತದೆ, ನಮ್ಮ ಕೊಡಕ್ಕೆ ಡ್ಯಾಮಿನ ನೀರು ಏರುತ್ತದೆ. ಊರಿನಲ್ಲಿ ಕಾಂಕ್ರೀಟ್ ಹೆಚ್ಚಿದಷ್ಟೂ ಕೆಳಗಿನವರಿಗೆ ನೀರು ಬೇಗ ಮುಟ್ಟುತ್ತದೆ ಅಂತಲೂ ಆಯಿತು.

ಮಹದಾಯಿ ಕಡೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆ ಆದರೆ ಇದೆಲ್ಲಾ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ?

ಭೂಗೋಳ_ಮಾಸ್ತರ

ಕುಡಿಯುವ ನೀರಿಗೆ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ರೇಣುಕಾಸಾಗರ ತುಂಬಿದ ವರ್ಷಕ್ಕಿಂತ ತುಂಬದ ವರ್ಷಗಳೇ ಜಾಸ್ತಿ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕೊಟ್ಟಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ. 37.73 ಟಿಎಂಸಿ ಹಿಡಿಯುವ ಡ್ಯಾಮಿಗೆ ಇದು ಎಷ್ಟರ ಪಾಲು ನೀವೇ ನೋಡಿ. ಆ ನೀರೂ ಬರುವುದು ಡ್ಯಾಮಿನ ಮೇಲ್ಗಡೆಗೆ. ಬೆಣ್ಣಿಹಳ್ಳದ ಪ್ರವಾಹಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡನ್ನೂ ಒಂದೇ ಭಾಷಣದಲ್ಲಿ ಸೇರಿಸಿ ಹೇಳುವವರು ನಕಾಶೆ ನೋಡಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಕಡೆ ಹೋರಾಟ, ಹಣ, ಸುದ್ದಿ ಎಲ್ಲಾ ಮಲಪ್ರಭೆಯ ಪಾಲಾಗಿದೆ. ಹಳ್ಳ ಅನ್ನುವ ಹೆಸರು ಇರುವುದಕ್ಕೋ ಏನೋ, ಬೆಣ್ಣಿಹಳ್ಳವನ್ನು ನದಿ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಮನೂರಿನ ಚಾಂಗದೇವನ ಜಾತ್ರೆಗೆ ಬಂದವರು ಮಾತ್ರ ಅದರಲ್ಲಿ ಭಕ್ತಿಯಿಂದ ಮೀಯುತ್ತಾರೆ.

ಕೆಂಪುಮಣ್ಣು

ಹಾಗಾದರೆ ಮಾಡಬೇಕಾದದ್ದು ಏನು ಮಾಸ್ತರೇ? ಹೂಳು ತೆಗೆದು ಅಗಲ ಮಾಡಿದರೆ ಸಾಕೇ?

ಭೂಗೋಳ_ಮಾಸ್ತರ

ಅಗಲ ಮಾಡುವುದು ಬೇಕು. ಆದರೆ ಮೇಲ್ಗಡೆ ಮಾತ್ರ ಅಗಲ ಮಾಡಿದರೆ ನೀರು ಇನ್ನೂ ಬೇಗ ಕೆಳಗೆ ಬರುತ್ತದೆ, ಕೆಳಗಿನವರಿಗೆ ಇನ್ನೂ ಜೋರು ಹೊಡೆತ. ಮೊದಲು ಅಂಚಿನಲ್ಲೇ, ಶಿಗ್ಗಾವಿ, ಹುಬ್ಬಳ್ಳಿ, ಧಾರವಾಡದ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲೇ ನೀರು ತಡೆಯಬೇಕು. ಅಲ್ಲಿ ಮಣ್ಣು ನೀರು ಕುಡಿಯುತ್ತದೆ. ಕೆರೆ, ಬಾಂದಾರ, ಕೃಷಿ ಹೊಂಡ ಏನೇ ಮಾಡಿದರೂ ಅಲ್ಲಿ ಫಲ ಸಿಗುತ್ತದೆ. ಬಯಲಿಗೆ ಬಂದಮೇಲೆ ಆ ಅವಕಾಶ ಇಲ್ಲ.

ಎರಿಹೊಲ

ಮಾಸ್ತರೇ, ಮೇಲಿನವರು ಕೆರೆ ಕಟ್ಟುವ ತನಕ ನಾವು ಕಾಯುತ್ತಾ ಕೂರಬೇಕಾ? ಹಳ್ಳದ ತುಂಬ ಜಾಲಿ ಕಂಟಿ. ನೀರಿಗೆ ಹರಿಯಲು ದಾರಿ ಇಲ್ಲ. ಹೂಳು ಬಂದು ಕಂಟಿ ಬುಡಕ್ಕೆ ನಿಲ್ಲುತ್ತದೆ, ಅದರ ಮೇಲೆ ಇನ್ನಷ್ಟು ಕಂಟಿ ಬೆಳೆಯುತ್ತದೆ. ದಂಡೆಯವರು ಒಂದು ಕುಂಟೆ, ಎರಡು ಕುಂಟೆ ಅಂತ ಒತ್ತಿಕೊಂಡು ಉಳುತ್ತಾರೆ. ನಮ್ಮವರೇ, ಬೇರೆ ಯಾರೂ ಅಲ್ಲ. ಜಾಲಿ ತೆಗೆಯುವ ಕೆಲಸ ಮೊದಲು ಆಗಲಿ.

ಹೊಳೆದಂಡಿ

ಆಗಲಿ, ಆದರೆ ಮೆಣಸಗಿಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಸ್ವಚ್ಛ ಮಾಡುವ ಕೆಲಸ ಯಾವಾಗ ನೋಡಿದರೂ ಹೆದ್ದಾರಿ ಸೇತುವೆ ಹತ್ತಿರವೇ ನಡೆಯುತ್ತದೆ, ಫೋಟೋ ತೆಗೆಯಲು ಅನುಕೂಲ ಅಂತ. ಅಲ್ಲಿ ಬಿಡಿಸಿದ ನೀರು ಬಂದು ನಿಲ್ಲುವುದು ನಮ್ಮ ಹೊಲದಲ್ಲಿ.

ಎರಿಹೊಲ

ಅದು ಒಪ್ಪಿದೆ. ಕೆಳಗಿನಿಂದಲೇ ಆಗಲಿ. ನಿಮ್ಮ ಕಡೆ ಪಂಚಾಯ್ತಿಯವರು ಅರ್ಜಿ ಕೊಡುವುದಿದ್ದರೆ ನಮ್ಮೂರಿನ ಸಹಿಗಳನ್ನೂ ಹಾಕಿಸಿ ಕೊಡುತ್ತೇನೆ. ಏಪ್ರಿಲ್ ಒಳಗೆ ಆಗಬೇಕು, ಮೇ ತಿಂಗಳ ಅಡ್ಡಮಳೆ ಹಿಡಿದರೆ ಜೆಸಿಬಿ ಎರಿ ಮಣ್ಣಿಗೆ ಇಳಿಯುವುದಿಲ್ಲ.